ವಾಗಿರಾನ್ ಬೆಸೆದ ವೈರು

ನಮ್ಮ ಜೊಂಬಾಂಗ್ ಕಡೆಯ ಹಳ್ಳಿಗಳಲ್ಲಿ ಗಿಟಾರ್ ಹಿಡಿದು ವಾಗಿರಾನನಿಂದ ಬೈಸಿಕೊಳ್ಳದವರು ಯಾರೂ ಇರಲಿಲ್ಲ. ಮಸೀದಿಯ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಅಂಗಡಿ ಅವನದು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ. ರೇಡಿಯೊ ಕೇಳುವವರು ಕಡಿಮೆಯಾದ ಮೇಲೆ ಗಿಟಾರಿಗೆ ಕೈ ಹಾಕಿದ. ಸುರಬಾಯದಿಂದ ಅಗ್ಗದ ಗಿಟಾರ್ ತಂದವನು ಅದನ್ನು ಅವನ ಬೆಂಚಿನ ಮೇಲೆ ಮಲಗಿಸಬೇಕು, ಅವನು ಲವಂಗದ ಸಿಗರೇಟು ಕಚ್ಚಿಕೊಂಡು ಎರಡು ಸಲ ತಟ್ಟಿ ನೋಡಬೇಕು, "ಇದು ಗಿಟಾರಲ್ಲ ಕಣೋ, ತಂತಿ ಕಟ್ಟಿದ ಒನಕೆ" ಎನ್ನಬೇಕು. ಅಷ್ಟಾದ ಮೇಲೆ ಕೆಲಸ ಶುರು.

ಒನಕೆಯನ್ನು ಗಿಟಾರ್ ಮಾಡಿ ಕೊಡುತ್ತಿದ್ದ ಎನ್ನುವುದರಲ್ಲಿ ಸುಳ್ಳಿಲ್ಲ. ನಾನು ಮದುವೆಮನೆಗಳಿಗೆ ಹೋಗುವ ವಾದ್ಯತಂಡದಲ್ಲಿ ಡೋಲು ಬಾರಿಸುವವನು. ಕೆಲಸವಿಲ್ಲದ ದಿನ ಅವನ ಅಂಗಡಿಯಲ್ಲೇ ಬಿದ್ದಿರುತ್ತಿದ್ದೆ. ಇಪ್ಪತ್ತು ವರ್ಷ ಅವನ ಕೈಯನ್ನು ನೋಡಿದ್ದೇನೆ. ಬಾಯಿ ಮಾತ್ರ ಕೆಟ್ಟದ್ದು.

ನಮ್ಮ ತಂಡದ ಗಿಟಾರಿನವನು ಜುಮಾದಿ. ನಗುಮುಖದ ಮನುಷ್ಯ, ಹಿಮ್ಮೇಳದ ಸಾಲುಗಳನ್ನೂ ಅವನೇ ಹಾಡುತ್ತಿದ್ದ. ಅವನ ಗಿಟಾರ್ ಮಾತ್ರ ನಮ್ಮ ಮಾನ ಕಳೆಯುತ್ತಿತ್ತು. ಬಿರಡೆಗಳು ಬಿಗಿ ನಿಲ್ಲದೆ ಎರಡನೆಯ ಹಾಡಿಗೇ ಶ್ರುತಿ ಇಳಿಯುತ್ತಿತ್ತು. ದನಿ ಏರಿಸುವ ತಿರುಗಣೆ ಮುಟ್ಟಿದರೆ ಕರಕರ. ಎಲ್ಲಕ್ಕಿಂತ ಕೆಟ್ಟದ್ದು, ಅದು ಸುಮ್ಮನಿರುತ್ತಲೇ ಇರಲಿಲ್ಲ. ಗುಂಯ್ ಎಂದು ಸದಾ ಒಂದು ಸದ್ದು. "ಜುಮಾದಿ ಅಣ್ಣಾ, ಒಳಗಿರೋ ಜೇನು ತೆಗೆದು ಬಾಟ್ಲಿಗೆ ತುಂಬಿಸಿ ಮಾರು, ಗಿಟಾರಿಗಿಂತ ಚೆನ್ನಾಗಿ ಹೋಗುತ್ತೆ" ಎಂದು ನಮ್ಮ ಹಾಡುಗಾತಿ ಮೈಕಿನಲ್ಲೇ ಹೇಳಿ ಜನರನ್ನು ನಗಿಸಿದಳು. ಮರುದಿನವೇ ಅವನು ವಾಗಿರಾನನ ಅಂಗಡಿಗೆ ಹೋದ.

ವಾಗಿರಾನ್ ಐದು ದಿನ ಅದರ ಹೊಟ್ಟೆ ಬಗೆದಿಟ್ಟ. ಮುರಿದ ಜಪಾನಿ ಗಿಟಾರೊಂದರಿಂದ ಬಿರಡೆಗಳನ್ನು ಕಿತ್ತು ಇದಕ್ಕೆ ಕೂರಿಸಿದ. ತಂತಿಗಳು ಹಾದುಹೋಗುವ ಪ್ಲಾಸ್ಟಿಕ್ ಪಟ್ಟಿಯನ್ನು ಎಸೆದು ಕೋಣದ ಎಲುಬಿನಲ್ಲಿ ಹೊಸದನ್ನು ಉಜ್ಜಿ ಉಜ್ಜಿ ಮಾಡಿದ. ತಿರುಗಣೆ, ಸ್ವಿಚ್ಚು, ವೈರು ಎಲ್ಲ ಹೊಸದು. ನಾದ ಹಿಡಿಯುವ ಅಯಸ್ಕಾಂತದ ಸುರುಳಿಯನ್ನು ಹಳೆಯ ಹೊಲಿಗೆ ಯಂತ್ರದ ಮೋಟರಿಗೆ ಸಿಕ್ಕಿಸಿ, ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ತಾನೇ ಸುತ್ತಿದ. ಒಳಗಿನ ಗುಳಿಗೆಲ್ಲ ತಾಮ್ರದ ಹಾಳೆ ಅಂಟಿಸಿದ. ಆದರೂ ಗುಂಯ್ ಪೂರ್ತಿ ಹೋಗಲಿಲ್ಲ.

ಕೊನೆಗೆ ಕಾರಣ ಸಿಕ್ಕಿತು. ತಂತಿಗಳನ್ನು ಹೊತ್ತಿರುವ ಲೋಹದ ಕುದುರೆಗೆ ಅರ್ತಿಂಗ್ ವೈರನ್ನೇ ಕಾರ್ಖಾನೆಯವರು ಹಾಕಿರಲಿಲ್ಲ. ಆ ವೈರಿದ್ದರೆ, ಬಾರಿಸುವವನ ಕೈ ತಂತಿಗೆ ತಾಗಿದ ಕೂಡಲೇ ಗದ್ದಲ ನಿಲ್ಲುತ್ತದೆ. ವಾಗಿರಾನ್ ಸಣ್ಣ ತೂತು ಕೊರೆದು ವೈರು ತೂರಿಸಿ ಬೆಸುಗೆ ಹಾಕಿದ. ಜುಮಾದಿ ತಂತಿ ಮುಟ್ಟಿದ. ಬೆಂಚಿನ ಮೇಲಿನ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಹೊಗಳಿಕೆಯೆಂದರೆ ಮುಖ ಸಿಂಡರಿಸುವ ವಾಗಿರಾನ್ ಅಂದು ನಕ್ಕದ್ದನ್ನು ನಾನು ನೋಡಿದೆ.

ಎರಡು ತಿಂಗಳ ಮೇಲೆ, ಉಪವಾಸದ ತಿಂಗಳು ಹತ್ತಿರ ಬರುತ್ತಿದ್ದಾಗ, ಮೆಣಸಿನಕಾಯಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಮದುವೆ. ಮಳೆಗಾಲ. ಮಳೆ ತಡೆಯಲು ಸರಿಪ್ ಅಜ್ಜನನ್ನು ಕರೆಸಿದ್ದರು. ಎಪ್ಪತ್ತು ದಾಟಿದ ಅಜ್ಜ ಮೂರು ದಿನ ಅನ್ನ ನೀರು ಬಿಟ್ಟು, ಸ್ನಾನವನ್ನೂ ಬಿಟ್ಟು, ತೆಂಗಿನ ಕಡ್ಡಿಗಳಿಗೆ ಕೆಂಪು ಮೆಣಸು, ಈರುಳ್ಳಿ ಚುಚ್ಚಿ ಅಂಗಳದ ಮೂಲೆಯಲ್ಲಿ ನೆಟ್ಟು ಕೂತಿದ್ದ. ಮಧ್ಯಾಹ್ನದವರೆಗೆ ಮೋಡ ಕವಿದೇ ಇತ್ತು, ಹನಿ ಬೀಳಲಿಲ್ಲ. ಮೂರು ಗಂಟೆಗೆ ಗಾಳಿ ತಿರುಗಿ, ಮಳೆ ಅಡ್ಡಡ್ಡಲಾಗಿ ವೇದಿಕೆಯೊಳಗೇ ಹೊಡೆಯಿತು. ನಮ್ಮ ಜನರೇಟರ್ ಚಿಕ್ಕದು, ಗಿಟಾರಿಗೂ ಕೀಬೋರ್ಡಿಗೂ ಮಾತ್ರ ಸಾಕು. ಮೈಕಿಗೆ ಮದುವೆಮನೆಯ ಕರೆಂಟನ್ನೇ ಎಳೆದಿದ್ದೆವು. ಎಲ್ಲ ತಂಡದವರೂ ಮಾಡುವುದೇ ಹಾಗೆ.

ಜುಮಾದಿ ತನ್ನ ಸಾಲು ಹಾಡಲು ಮೈಕಿಗೆ ಬಾಯಿ ತಂದ. ಅವನ ಮೈ ಸೆಟೆದು ಹಿಂದಕ್ಕೆ ಬಾಗಿತು. ಕುಣಿತವೆಂದುಕೊಂಡು ಜನ ಕೇಕೆ ಹಾಕಿದರು. ಜನರೇಟರ್ ನಿಲ್ಲಿಸುವಷ್ಟರಲ್ಲಿ ಅವನು ಬಿದ್ದಿದ್ದ. ಬೆರಳುಗಳು ಗಿಟಾರನ್ನು ಬಿಡಲಿಲ್ಲ. ಒಂದೊಂದಾಗಿ ನಾನೇ ಬಿಡಿಸಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಊರು ಸರಿಪ್ ಅಜ್ಜನನ್ನು ಹಿಡಿಯಿತು. ಅವನು ಮಧ್ಯಾಹ್ನ ಹಿತ್ತಿಲಲ್ಲಿ ನೀರು ಕುಡಿದದ್ದನ್ನು ಪಾತ್ರೆ ತೊಳೆಯುವವಳು ಕಂಡಿದ್ದಳಂತೆ. ವ್ರತ ಕೆಟ್ಟಿತು, ಮಳೆ ಬಂತು, ಮನುಷ್ಯ ಸತ್ತ. ಲೆಕ್ಕ ಸರಿಹೋಯಿತು. ಅಜ್ಜನ ಮನೆಯ ಹೆಂಚಿನ ಮೇಲೆ ಕಲ್ಲು ಬಿದ್ದವು. ಕಾಫಿ ಅಂಗಡಿಯಲ್ಲಿ ಅವನು ಕೂತ ಬೆಂಚಿನಿಂದ ಜನ ಎದ್ದುಹೋದರು. "ಒಂದು ಗುಟುಕು ನೀರಿಗೆ ಒಂದು ಜೀವ ತಿಂದ ಮುದುಕ" ಎಂದು ಅವನ ಎದುರಿಗೇ ಅಂದವರಿದ್ದರು.

ಜುಮಾದಿಯ ಏಳನೆಯ ದಿನದ ಪ್ರಾರ್ಥನೆಯಾದ ಮೇಲೆ ಅವನ ಹೆಂಡತಿ ತುಮಿನಾ ಗಿಟಾರನ್ನು ನನ್ನ ಕೈಗೆ ಕೊಟ್ಟಳು. "ವಾಗಿರಾನ್ ಅಣ್ಣಂಗೆ ತೋರ್ಸಿ. ಮಳೇಲಿ ನೆಂದಿದೆ. ನಮ್ ಮೈದುನ ಬಾರಿಸ್ತೀನಿ ಅಂತಾನೆ."

ವಾಗಿರಾನ್ ಅದರ ಹಿಂಬದಿಯ ಮುಚ್ಚಳ ಬಿಚ್ಚಿದ. ಸ್ಕ್ರೂಗಳನ್ನು ತಟ್ಟೆಯಲ್ಲಿ ಹಾಕಿದ. ಒಳಗಿನ ಬೆಸುಗೆಗಳನ್ನು ಒಂದೊಂದಾಗಿ ಎಳೆದು ನೋಡಿದ.

"ಏನಾಗಿದೆ?" ಎಂದೆ.

"ಏನೂ ಆಗಿಲ್ಲ. ನಾನು ಹಾಕಿದ್ದು ಹಾಕಿದ ಹಾಗೇ ಇದೆ." ಕುದುರೆಗೆ ಹೋಗುವ ಆ ವೈರಿನ ಮೇಲೆ ಬೆರಳಿಟ್ಟ. "ಕೈಯಲ್ಲಿ ಜನರೇಟರು, ತುಟಿ ಮೇಲೆ ಮನೆ ಕರೆಂಟು. ಒದ್ದೆ ನೆಲ ಎರಡನ್ನೂ ಸೇರಿಸ್ತು. ತುಟಿಯಿಂದ ಕೈಗೇ ಹರೀತು, ಕಾಲಿಗೆ ಬರಲೇ ಇಲ್ಲ. ನಡುವೆ ಅವನು. ಈ ವೈರಿಲ್ದೆ ಗಿಟಾರು ಮೊದಲಿನ ಹಾಗೆ ಗುಂಯ್ ಅಂತಿದ್ರೆ ಬದುಕ್ತಿದ್ದ."

"ನಿಂಗೇನು ಗೊತ್ತಿತ್ತು?"

"ಗೊತ್ತಿತ್ತು." ಅವನು ಡಬ್ಬಿಯಿಂದ ಅಕ್ಕಿಕಾಳಿನಷ್ಟು ಗಾತ್ರದ ಎರಡು ಬಿಡಿಭಾಗಗಳನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. "ಇವನ್ನ ವೈರಿನ ನಡುವೆ ಹಾಕಿದ್ರೆ ಹೊಡೆತ ತಡಿಯುತ್ತೆ. ಹಾಕಿದ್ರೆ ಚೂರು ಗುಂಯ್ ಉಳಿಯುತ್ತೆ. ಚೂರೂ ಉಳೀಬಾರದು ಅಂತ ಹಾಕ್ಲಿಲ್ಲ. ಅಜ್ಜನ ಮನೆಗೆ ಹೋಗ್ತೀನಿ. ಎಲ್ಲಾರ ಮುಂದೆ ಹೇಳ್ಬಿಡ್ತೀನಿ."

ಈಗ ನನ್ನ ಮಾತು ಕೇಳಿ. "ತಲೆ ಕೆಟ್ಟಿದೆಯಾ ನಿಂಗೆ?" ಎಂದೆ. "ಹೇಳಿದ್ರೆ ಸತ್ತವನು ಎದ್ದು ಬರ್ತಾನಾ? ನಿನ್ನ ಅಂಗಡಿಗೆ ಬೆಂಕಿ ಬೀಳುತ್ತೆ. ಎರಡು ಕಡೆ ಕರೆಂಟು ಎಳೆದೋರು ಯಾರು ಅಂತ ಪೊಲೀಸ್ನೋರು ನಮ್ಮನ್ನೂ ಕರೀತಾರೆ. ಮುದುಕಂಗೇನು, ನಾಲ್ಕು ದಿನ ಬೈತಾರೆ, ಮರೀತಾರೆ. ಬಾಯಿ ಮುಚ್ಕೊಂಡಿರು."

ಅವನು ಬಾಯಿ ಮುಚ್ಚಿಕೊಂಡಿದ್ದ. ಊರಿಗೆಲ್ಲ ಬಯ್ಯುತ್ತಿದ್ದವನು ನನ್ನ ಮಾತು ಕೇಳಿದ. ಗಿಟಾರನ್ನು ತುಮಿನಾಳಿಗೆ ಹಿಂದಿರುಗಿಸಲೂ ಇಲ್ಲ. ಒಣಗಲಿ, ಒಣಗಲಿ ಎಂದು ನೆಪ ಹೇಳುತ್ತ ಹೋದ. ನನಗೂ ನಿದ್ದೆ ಬಂತೆಂದು ಹೇಳಲಾರೆ, ಆದರೆ ನನ್ನ ಮನೆಯ ಹೆಂಚಿನ ಮೇಲೆ ಕಲ್ಲು ಬೀಳುತ್ತಿರಲಿಲ್ಲವಲ್ಲ.

ನಲವತ್ತನೆಯ ದಿನದ ಪ್ರಾರ್ಥನೆಗೆ ಚಾಪೆ ತುಂಬ ಜನ. ಸರಿಪ್ ಅಜ್ಜನಿಗೆ ಕರೆ ಇರಲಿಲ್ಲ. ಪ್ರಾರ್ಥನೆ ಮುಗಿದು ಊಟದ ಬುಟ್ಟಿ ಹಂಚುವ ಮೊದಲು ವಾಗಿರಾನ್ ಎದ್ದು ನಿಂತ. ಅಲ್ಲಿಯವರೆಗೆ ನನಗೂ ಹೇಳಿರಲಿಲ್ಲ. ಜೇಬಿನಿಂದ ಆ ವೈರನ್ನು ತೆಗೆದು ಚಾಪೆಯ ಮೇಲಿಟ್ಟ. ವೈರು ಯಾವುದು, ಏನು ಮಾಡಿತು, ತಾನು ಏನನ್ನು ಹಾಕದೆ ಬಿಟ್ಟೆ ಎನ್ನುವುದೆಲ್ಲವನ್ನೂ ಹೇಳಿದ. ಬೈಯುವಾಗ ಮಾತಿಗೆ ತಡವರಿಸದವನು ಅಂದು ಮೂರು ಸಲ ನಿಂತು ನಿಂತು ಹೇಳಿದ.

ಯಾರೂ ಕೂಗಾಡಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ತುಮಿನಾ ಕೇಳಿದಳು: "ಅವರಿಗೆ ಗೊತ್ತಿತ್ತಾ?"

"ಒಂದ್ಸಲ ಕೇಳಿದ್ದ. ಮೈಕು ತುಟೀಗೆ ಇರುವೆ ಕಚ್ಚಿದ ಹಾಗೆ ಚುರ್ ಅನ್ನುತ್ತೆ ಅಂದ. ರಬ್ಬರ್ ಚಪ್ಪಲಿ ಹಾಕ್ಕೊ, ಏನೂ ಆಗಲ್ಲ ಅಂದೆ."

"ಹಾಕ್ಕೊಂಡೇ ಹೋಗಿದ್ರು" ಎಂದಳು ತುಮಿನಾ. "ಹೊಸದು ತಂದು ಹಾಕ್ಕೊಂಡಿದ್ರು. ವೇದಿಕೆ ಮೇಲೆ ಚಪ್ಪಲಿ ಯಾಕೆ, ಸೊಕ್ಕಾ ಅಂತ ನಾನೇ ರೇಗಿಸಿದ್ದೆ." ಆಮೇಲೆ ಒಳಗೆ ಹೋಗಿ ಒಂದು ಊಟದ ಬುಟ್ಟಿ ತಂದು ವಾಗಿರಾನನ ಮುಂದಿಟ್ಟಳು. "ಇದು ನಿಮಗಲ್ಲ. ಅಜ್ಜಂಗೆ ಕೊಟ್ಟು, ನಾನು ಕ್ಷಮೆ ಕೇಳ್ದೆ ಅಂತ ಹೇಳಿ."

ನಾವಿಬ್ಬರೂ ಹೋದೆವು. ಅಜ್ಜ ಬಿದಿರಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಊಟ ಬಿಟ್ಟಿದ್ದನಂತೆ, ಬೆನ್ನೆಲುಬು ಎಣಿಸುವಂತಿತ್ತು. ವಾಗಿರಾನ್ ನೆಲದ ಮೇಲೆ ಕೂತು ಮತ್ತೆ ಮೊದಲಿನಿಂದ ಎಲ್ಲ ಹೇಳಿದ. ಅಜ್ಜ ನಮ್ಮ ಕಡೆ ಹೊರಳಿ ಎದ್ದು ಕೂತ.

"ನಿನ್ನ ವೈರು ಗೀರು ನಂಗೆ ತಿಳಿಯಲ್ಲ ಮಗಾ" ಎಂದ. "ಮೂರನೇ ದಿನ ಗಂಟಲು ಒಣಗಿ ಕೆಮ್ಮು ಬಂತು. ತಡೀಲಾರ್ದೆ ಒಂದು ಗುಟುಕು ನೀರು ಕುಡಿದೆ. ಆಮೇಲೆ ಮಳೆ ಬಂತು. ಇದು ಸುಳ್ಳಾ?"

"ಮಳೆಗೂ ಅದಕ್ಕೂ ಸಂಬಂಧ ಇಲ್ಲ ಅಜ್ಜಾ."

"ಐವತ್ತು ವರ್ಷ ನಾನು ತಡೆದಾಗೆಲ್ಲ ಸಂಬಂಧ ಇತ್ತಲ್ಲ. ಈಗ ಇಲ್ವಾ?" ಅಜ್ಜ ಬುಟ್ಟಿಯನ್ನು ಮೆಲ್ಲಗೆ ನಮ್ಮ ಕಡೆ ತಳ್ಳಿದ. "ಮುದುಕನ ಸಂಕಟ ನೋಡಲಾರ್ದೆ ಬಂದಿದ್ದೀಯ. ಒಳ್ಳೇವನು. ಊರವರೆಲ್ಲ ನಲವತ್ತು ದಿನ ಹೇಳಿದ್ದನ್ನ ನಾನೂ ನಲವತ್ತು ದಿನ ಯೋಚ್ನೆ ಮಾಡಿದ್ದೀನಿ. ಆ ತಪ್ಪು ನಂದೇ."

ವಾಗಿರಾನ್ ಮರುದಿನ ಮತ್ತೆ ಹೋದ. ಗಿಟಾರ್, ಬ್ಯಾಟರಿ, ಬಲ್ಬು ಹೊತ್ತುಕೊಂಡು ಹೋಗಿ ಕರೆಂಟು ಹರಿಯುವ ದಾರಿಯನ್ನು ತೋರಿಸಿದ. ಬಲ್ಬು ಹತ್ತಿದ್ದನ್ನು ಅಜ್ಜ ನೋಡಿ, ಚೆನ್ನಾಗಿದೆ ಎಂದನಂತೆ. ಊಟಕ್ಕೆ ಮಾತ್ರ ಕೈ ಚಾಚಲಿಲ್ಲ. ಅದೇ ತಿಂಗಳು ತೀರಿಕೊಂಡ.

ವಾಗಿರಾನ್ ಈಗ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಗಿಟಾರ್ ತಂದವರನ್ನು ಬಯ್ಯುವುದಿಲ್ಲ, ಆಗುವುದಿಲ್ಲ ಎಂದು ಮೆತ್ತಗೆ ಹೇಳಿ ಕಳಿಸುತ್ತಾನೆ. ಊರವರು ಅವನ ತಪ್ಪನ್ನು ಕ್ಷಮಿಸಿದ್ದಾರೆ, ತಾನಾಗಿಯೇ ಒಪ್ಪಿಕೊಂಡ ಧೈರ್ಯಸ್ಥ ಎನ್ನುವವರೂ ಇದ್ದಾರೆ. ಏಳನೆಯ ದಿನವೇ ಹೇಳಿದ್ದರೆ ಅಜ್ಜ ನಂಬುತ್ತಿದ್ದ. ಹೇಳಬೇಡ ಎಂದವನು ನಾನು ಎನ್ನುವುದನ್ನು ವಾಗಿರಾನ್ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.