ಅಂಟಿನ ಪಟ್ಟಿ ಮ್ಯಾಲಿನ ಹೊಳಪು

ನಿಪ್ಪಾಣ್ಯಾಗ ಒಂದು ಪ್ರೆಸ್ಸಿನಾಗ ನಾ ಕಂಪ್ಯೂಟರ್ ಮುಂದ ಕುಂದರ್ತಿದ್ನಿ. ಏಳನೇ ಕ್ಲಾಸಿಗಿ ಸಾಲಿ ಬಿಟ್ಟಾಂವ. ಇಂಗ್ಲಿಷ್ ಓದಾಕ ಬರ್ತಿರಲಿಲ್ಲ, ಆದ್ರ ಯಾವ ಬಟನ್ ಒತ್ತಿದ್ರ ಏನಾಕ್ಕೈತಿ ಅಂತ ಗೊತ್ತಿತ್ತು. ಡಬ್ಬಿ ಡಿಸೈನ್ ಮಾಡಾಕ ಅಷ್ಟ ಸಾಕು.

ಮನ್ಯಾಗ ನಾ ಮತ್ತ ಅವ್ವ ಇಬ್ಬರ. ಅವ್ವ ಮೊದಲ ತಂಬಾಕಿನ ವಖಾರ್ಯಾಗ ಜರಡಿ ಹಿಡೀತಿದ್ದಳು. ವಖಾರಿ ಅಂದ್ರ ದೊಡ್ಡ ಗೋದಾಮು. ಕಿಡಕಿ ಮುಚ್ಚಿರ್ತಾವ, ತಂಬಾಕಿನ ಧೂಳಿ ಗಾಳ್ಯಾಗ ನಿಂತಿರ್ತೈತಿ. ಮಾರಿಗಿ ಸೆರಗು ಕಟ್ಟಿದ್ರೂ ಒಳಗ ಹೋಗೂದ. ದಮ್ಮು ಹತ್ತಿ ಒಂದಿನ ಅಲ್ಲೇ ಬಿದ್ದಳು. ಡಾಕ್ಟರ್ ಮಾರಿ ಮ್ಯಾಲನ ಹೇಳಿದ, "ನೋಡವಾ, ಮತ್ತ ಆ ಧೂಳ್ಯಾಗ ಹೋದಿ ಅಂದ್ರ ನನ್ನ ಕಡೆ ಬರಬ್ಯಾಡ. ಸೀದಾ ಮ್ಯಾಲ ಹೋಗ್ತಿ."

ನಮ್ಮ ಪ್ರೆಸ್ಸಿನಾಗ ಜರ್ದಾ ಹಾಕು ಡಬ್ಬಿ ಛಾಪಸ್ತಿದ್ರು. ಕತ್ತರಿಸಿದ ಚಪ್ಪಟಿ ಹಾಳಿ ಓಣ್ಯಾಗಿನ ಹೆಣಮಕ್ಕಳಿಗಿ ಚೀಲ ತುಂಬಿ ಕೊಡೂದು. ಅವರು ಮನ್ಯಾಗ ಕುಂತು ಮಡಚಿ, ಮೈದಾ ಅಂಟು ಹಚ್ಚಿ, ಡಬ್ಬಿ ಮಾಡಿ ಕೊಡೂದು. ಮಾಲಕಗ ಹೇಳಿ ಅವ್ವಗೂ ಆ ಕೆಲಸ ಕೊಡಿಸಿದ್ನಿ. ಧೂಳಿಲ್ಲ, ಘಾಟಿಲ್ಲ. ದಮ್ಮು ಇಳೀತು. ನನ್ನ ಪಗಾರ ಒಂದರಾಗ ಮನಿ ನಡೀತಿರಲಿಲ್ಲ. ಈ ಅಂಟಸೂ ಕೆಲಸ ಹೋತು ಅಂದ್ರ ಆಕಿ ಮತ್ತ ವಖಾರಿಗಿ ಹೋಗಾಕಿನ. ಬ್ಯಾರೆ ಏನೂ ಬರ್ತಿರಲಿಲ್ಲ ಆಕಿಗಿ.

ಹಿಂಗಿರಬೇಕಾದ್ರ ಜರ್ದಾ ಶೇಠ ಒಂದಿನ ಬಂದ. ಕೊಲ್ಲಾಪುರದಾಗ ಯಾವದೋ ಸಾಬೂನಿನ ಡಬ್ಬಿ ನೋಡಿದ್ದ. ಹೆಸರಷ್ಟ ಗಾಜಿನಂಗ ಹೊಳೀತಿತ್ತಂತ, ಉಳಿದದ್ದು ಮಂದ ಇತ್ತಂತ. ಅದಕ್ಕ ಸ್ಪಾಟ್ ವಾರ್ನಿಷ್ ಅಂತಾರ. "ನಂಗೂ ಅಂಥಾದ್ದ ಬೇಕು" ಅಂದ.

ವಾರ್ನಿಷಿಗಿ ಫೈಲ್ ಬ್ಯಾರೆ ಮಾಡಬೇಕು. ಅದರಾಗ ಬಣ್ಣ ಇರೂದಿಲ್ಲ. ಎಲ್ಲಿ ಹೊಳೀಬೇಕೋ ಅಲ್ಲಿ ಕರೇದು, ಪೂರ್ತಿ ಕರೇದು. ಬೂದಿ ಬಣ್ಣ ನಡಿಯಂಗಿಲ್ಲ. ಉಳಿದದ್ದು ಬಿಳೇದು. ಬಣ್ಣದ ಡಿಸೈನ್ ಮ್ಯಾಲ ಇದು ಕೂದಲಷ್ಟೂ ಸರೀದಂಗ ಕುಂದರಬೇಕು. ಸಣ್ಣ ಅಕ್ಷರಕ್ಕ ಹಾಕಬಾರದು, ಅಂಚು ಕೆಡತೈತಿ. ಮತ್ತ ಡಬ್ಬಿ ಮಡಚಿದಾಗ ಒಳಗ ಹೋಗು ಬೆರಳಗಲದ ಪಟ್ಟಿ ಇರ್ತೈತಿ ನೋಡ್ರಿ, ಅಂಟು ಹಚ್ಚೂದು, ಅದನ್ನ ಖಾಲಿ ಬಿಡಬೇಕು. ವಾರ್ನಿಷ್ ಮ್ಯಾಲ ಮೈದಾ ಅಂಟು ಹಿಡಿಯಂಗಿಲ್ಲ.

ನಾ ಹೆಸರಿಗಿ ಹಾಕಿದ್ನಿ, ಸುತ್ತ ಇದ್ದ ಸಣ್ಣ ಸಣ್ಣ ತಂಬಾಕಿನ ಎಲಿಗಿ ಹಾಕಿದ್ನಿ. ತಂಬಾಕು ಅಪಾಯ ಅಂತ ಸರ್ಕಾರ ಹಾಕಿಸು ಚೇಳಿನ ಚಿತ್ರ ಬಿಟ್ನಿ. ಶೇಠ ನಕ್ಕ, "ಚಲೋ ಮಾಡಿದಿ. ಅದೇನ ನನ್ನ ಬೀಗನೇನು, ಅದಕ್ಯಾಕ ಹೊಳಪು?" ಆಮ್ಯಾಲ ಪಟ್ಟಿಗಿ ಬೆರಳು ತೋರಿಸಿದ. "ಇಲ್ಲಿ ಯಾಕ ಖಾಲಿ?"

"ಅಂಟು ಹಚ್ಚು ಜಾಗಾರಿ."

"ಅರೆ, ರೊಕ್ಕ ಪೂರ್ತಿ ತಗೊಂಡು ಹೊಳಪು ಅರ್ಧ ಕೊಡ್ತಿಯೇನು?"

ಮಾಲಕ ಹಿಂದ ನಿಂತಿದ್ದ. "ಹಾಕ್ಲೇ. ಶೇಠರು ಹೇಳಾಕತ್ತಾರಲ್ಲ."

"ಅಂಟಂಗಿಲ್ರಿ. ಬಿಚ್ಚತಾವ."

"ನಿನ್ನ ಕೆಲಸ ಕುಂತು ಒತ್ತೂದು. ಒತ್ತು."

ನಾ ಒತ್ತಲಿಲ್ಲ. ಎದ್ದು ಹೊರಗ ಹೋದ್ನಿ. ಮಾಲಕ ತಾನ ಕುಂತು ಎಲಿಗಳನ್ನ ಪಟ್ಟಿ ತುದೀತನಕ ಎಳದ. ಹಂಗ ಛಾಪಿಗಿ ಹೋತು.

ಚೀಲ ಮನಿಗಿ ಬಂದ್ವು. ಮುಂಜಾನೆ ಅಂಟಿಸಿದ ಡಬ್ಬಿ ಮಧ್ಯಾಹ್ನ ಬಾಯಿ ತಗದ್ವು. ಬಾಜೂ ಮನಿ ಕಾಕು ಡಬ್ಬಿ ತಗೊಂಡು ಬಂದು ಅವ್ವಗ ಅಂದಳು, "ಏನವಾ, ನಿನ್ನ ಮಗಾ ಎಂಥಾ ಡಬ್ಬಿ ಮಾಡ್ಯಾನ? ನನ್ನ ಗಂಡನಂಗ ಹೊರಗಷ್ಟ ಥಳಕು, ಕೈ ಬಿಟ್ರ ಬೀಳ್ತೈತಿ!" ಎಲ್ಲಾರೂ ನಕ್ರು. ಆ ದಿನ ಅಷ್ಟ ನಕ್ಕಿದ್ದು.

ಬಿಚ್ಚಿದ ಡಬ್ಬಿ ಪ್ರೆಸ್ಸಿಗಿ ವಾಪಸ್ ಬಂದ್ವು. ಮಾಲಕ ಶೇಠಗ ಏನ್ ಹೇಳಿದ ಗೊತ್ತೈತೇನು? "ಹೆಣಮಕ್ಕಳು ಅಂಟಿಗಿ ನೀರು ಭಾಳ ಹಾಕ್ಯಾರ." ನಾ ಅಲ್ಲೇ ಇದ್ನಿ. "ಸುಳ್ಳರಿ, ಪಟ್ಟಿ ಮ್ಯಾಲ ವಾರ್ನಿಷ್ ಐತಿ" ಅಂದ್ನಿ. ಶೇಠ ಮೊಬೈಲ್ ನೋಡಕೊಂತ ನಿಂತ. ಮಾಲಕ, "ಸರಿಯಾಗಿ ಅಂಟಿಸದವರಿಗಿ ಮುಂದ ಚೀಲ ಕೊಡಂಗಿಲ್ಲ, ನಿಮ್ಮ ಅವ್ವಗೂ ಹೇಳು" ಅಂದ.

ಸಂಜಿಕ ಮನಿಗಿ ಬಂದ್ರ ಅವ್ವ ಬಡಿಗ್ಯಾರ ಪಾಲಿಶ್ ಪೇಪರ್ ಹಿಡಕೊಂಡು ಕುಂತಿದ್ದಳು. ಒಂದೊಂದ ಡಬ್ಬಿ ಪಟ್ಟಿ ತಿಕ್ಕಿ, ಹೊಳಪು ಕೆರದು, ಆಮ್ಯಾಲ ಅಂಟು ಹಚ್ಚಾಕತ್ತಿದ್ದಳು. ಹಿಡೀತಿತ್ತು. ಓಣಿ ತುಂಬ ಎಲ್ಲಾರೂ ಅದನ್ನ ಕಲತ್ರು. ಕೆರದ ವಾರ್ನಿಷ್ ಮೈದಾ ಹಿಟ್ಟಿನಂಗ ಬೆಳ್ಳಗ ಹಾರತಿತ್ತು. ಅವ್ವನ ತಲಿಗೂದಲದಾಗ, ಹುಬ್ಬಿನಾಗ, ನೀರಿನ ತಂಬಗಿ ಮ್ಯಾಲ ಅದ.

"ಬ್ಯಾಡ ಬಿಡ ಅವ್ವಾ, ಇದೂ ಧೂಳೀನ."

"ತಂಬಾಕಿನ ಘಾಟಿಲ್ಲಲ್ಲೋ ಇದಕ್ಕ. ಸುಮ್ನಿರು."

ಘಾಟಿರಲಿಲ್ಲ, ಖರೆ. ಕೆಮ್ಮು ಮಾತ್ರ ವಾರದಾಗ ತಿರುಗಿ ಬಂತು. ಗಾಳಿ ಬರ್ಲಿ ಅಂತ ಅವ್ವನ್ನ ಬಾಗಲಾಗ ಕುಂದರಸಿದ್ನಿ, ಬಾಯಿಗಿ ಟವೆಲ್ ಕಟ್ಟಿದ್ನಿ. ಆಕಿ ತಿಕ್ಕೂದು ಬಿಡಲಿಲ್ಲ. ಬಿಟ್ರ ಚೀಲ ಬರಂಗಿಲ್ಲ ಅನ್ನೂದು ಆಕಿ ತಲ್ಯಾಗ ಕುಂತಿತ್ತು.

ನಾ ಮಾಲಕನ ಟೇಬಲ್ ಮ್ಯಾಲ ಎರಡು ಡಬ್ಬಿ ಒಗದ್ನಿ. ಒಂದು ಕೆರದದ್ದು, ಒಂದು ಕೆರೀಲಾರದ್ದು. "ಅವ್ವ ಸಾಯಾಕತ್ತಾಳ್ರಿ. ಫೈಲ್ ತಿದ್ದತೀನಿ. ಪಟ್ಟಿ ಖಾಲಿ ಬಿಡ್ತೀನಿ."

ಅಂವ ಎರಡೂ ಡಬ್ಬಿ ಎಳದ ನೋಡಿದ. "ತಿದ್ದು" ಅಂದ. ಇಷ್ಟು ಲಗೂನ ಒಪ್ಪತಾನ ಅಂತ ನಂಗೇನ್ ಗೊತ್ತು. ಕುಂತು ಪಟ್ಟಿ ಮ್ಯಾಲಿನ ಎಲಿ ಎಲ್ಲಾ ಅಳಿಸಿದ್ನಿ. ಖುಷಿ ಆಗಿತ್ತು, ಸುಳ್ಳ್ಯಾಕ ಹೇಳ್ಲಿ.

"ಆತೇನು? ಈಗ ಅದನ್ನ ಇಚಲಕರಂಜಿಗಿ ಮೇಲ್ ಮಾಡು" ಅಂದ.

"ಯಾಕ್ರಿ?"

"ಅಲ್ಲಿ ಅಂಟಸೂ ಮಶೀನ್ ಐತಿ. ಇನ್ನ ಮುಂದ ಡಬ್ಬಿ ಅಲ್ಲೇ ಆಗ್ತಾವ. ಮಶೀನಿಗೂ ಪಟ್ಟಿ ಖಾಲೀನ ಬೇಕಂತ. ನೀ ಹೇಳಿದ್ದ ಖರೆ ಆತ ನೋಡು."

ನಾ ಮೇಲ್ ಮಾಡಲಿಲ್ಲ. ಮಾಲಕ ಪೆನ್ ಡ್ರೈವ್‌ನಾಗ ಹಾಕೊಂಡು ತಾನ ಒಯ್ದ.

ಮನಿಗಿ ಬಂದು ಹೇಳಿದ್ನಿ. ಅವ್ವ ಅಂಟಿನ ಪಾತೇಲಿ ತಿಕ್ಕಿ ತೊಳದು ಅಡಗಿ ಪಾತ್ರಿ ಸಂಗಟ ಇಟ್ಟಳು.

"ನಾ ಆ ಕೆಲಸ ಬಿಡ್ತೀನಿ" ಅಂದ್ನಿ.

"ಬಿಟ್ಟು ಏನ್ ಮಾಡ್ತಿ? ನೀನೂ ಬರ್ತಿಯೇನು ನನ್ನ ಸಂಗಟ ಜರಡಿ ಹಿಡಿಯಾಕ? ಹೆಣಮಕ್ಕಳ ನಡುವ ಚಲೋ ಕಾಣಸ್ತಿ ನೋಡು." ಅಷ್ಟಂದು ಕೆಮ್ಮಿದಳು, ಗ್ವಾಡಿ ಹಿಡಕೊಂಡು.

ಸೋಮವಾರ ವಖಾರಿಗಿ ಹೋದಳು. ನಾ ಅಡ್ಡ ನಿಂತ್ನಿ, ಜಗಳಾಡಿದ್ನಿ, ಡಾಕ್ಟರ್ ಹೇಳಿದ್ದು ನೆನಪ ಮಾಡಿಕೊಟ್ನಿ. ಡಾಕ್ಟರ್ ಬಂದು ಮನಿ ಬಾಡಗಿ ಕೊಡ್ತಾನೇನು ಅಂತ ಕೇಳಿದಳು. ಮುಂದಿನ ಮಳಿಗಾಲ ಮುಟ್ಟಲಿಲ್ಲ ಆಕಿ.

ಮಾಲಕ ಮಣ್ಣಿಗಿ ಬಂದಿದ್ದ. ಹೆಗಲ ಮ್ಯಾಲ ಕೈ ಇಟ್ಟು, "ನಾಕ್ ದಿನ ಬಿಟ್ಟ ಬಾ, ಫೈಲ್ ಭಾಳ ಬಾಕಿ ಅದಾವ" ಅಂದ. ಕೈ ತಗದ ಹಾಕಿದ್ನಿ. ಮತ್ತ ಆ ಪ್ರೆಸ್ಸಿನ ಬಾಗಲಾ ತುಳೀಲಿಲ್ಲ.

ಈಗ ಅಥಣ್ಯಾಗ ಬ್ಯಾರೆ ಪ್ರೆಸ್ಸಿನಾಗ ಅದೀನಿ. ಚಪ್ಪಲ್ ಡಬ್ಬಿ, ಒಣದ್ರಾಕ್ಷಿ ಡಬ್ಬಿ. ವಾರ್ನಿಷ್ ಫೈಲೂ ಮಾಡ್ತೀನಿ. ಬ್ಯಾರೆ ಕೆಲಸ ನಂಗ ಬರಂಗಿಲ್ಲ.