ಏಳನೇ ನಂಬರಿನ ಪೆಟ್ಟಿಗೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ದೆವ್ವ ಭೂತ ಎಂದರೆ ನಗುವ ಹೆಂಗಸು. ಆದರೆ ಇದು ನಡೆದದ್ದು ನಿಜ, ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲೇ...

ಗಂಡ ಬ್ಯಾಂಕಿನವರು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಎರಡು ವರ್ಷ ಕಳೆದಿತ್ತು. ಆಗಾಗ ವರ್ಗವಾಗುವವರ ಮನೆಯಲ್ಲಿ ಕೆಲವು ಪೆಟ್ಟಿಗೆಗಳನ್ನು ಬಿಚ್ಚುವುದೇ ಇಲ್ಲ. ಹೇಗೂ ಮತ್ತೆ ಕಟ್ಟಬೇಕಲ್ಲ! ನಮ್ಮ ಏಳನೇ ನಂಬರಿನ ರಟ್ಟಿನ ಪೆಟ್ಟಿಗೆಯೂ ಹಾಗೇ ಅಟ್ಟ ಸೇರಿತ್ತು.

ಅದರೊಳಗೆ ಮಗಳು ಸಾನ್ವಿಯ ಆಸ್ಪತ್ರೆಯ ಹಸಿರು ಫೈಲಿತ್ತು. ಅವಳು ಹೊಟ್ಟೆಯಲ್ಲಿದ್ದಾಗಲೇ ಎಡ ಮೂತ್ರಪಿಂಡ ಊದಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿತ್ತು. ಎಷ್ಟೋ ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತದೆ, ಆದರೂ ಹುಟ್ಟಿದ ಮೂರು ತಿಂಗಳಿಗೆ ಮತ್ತೆ ನೋಡಲೇಬೇಕು ಎಂದಿದ್ದರು ಡಾಕ್ಟರು. ಮೂರನೇ ತಿಂಗಳಿಗೆ ವರ್ಗದ ಆರ್ಡರು ಬಂತು. ನಾನು ತಾನಾಗಿಯೇ ಸರಿಹೋಗುತ್ತದೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡೆ.

ಆ ರಾತ್ರಿ ಗಂಡ ಇನ್‌ಸ್ಪೆಕ್ಷನ್ನಿಗೆಂದು ವಡೋದರಾಕ್ಕೆ ಹೋಗಿದ್ದರು. ಸಾನ್ವಿಗೆ ಮೂರು ದಿನದಿಂದ ಜ್ವರ, ವಾಂತಿ. ಕ್ಲಿನಿಕ್ಕಿನವರು ವೈರಲ್ ಅಂದಿದ್ದರು. ಮೊದಲೂ ಆಗಾಗ ಹೊಟ್ಟೆನೋವೆಂದು ಅಳುತ್ತಿದ್ದಳು. ಓಮಿನ ನೀರು ಕುಡಿಸಿ ಮಲಗಿಸುತ್ತಿದ್ದೆ.

"ಅವ್ವಾ... ಇಲ್ಲೆ," ಎಂದು ಎಡಪಕ್ಕೆ ಹಿಡಿದುಕೊಂಡಳು.

ಆಗ ಕೇಳಿಸಿತು. ಚರ್ರ್... ಟೇಪು ಕೀಳುವ ಸದ್ದು. ನಿಂತಿತು. ಮತ್ತೆ ಚರ್ರ್... ಹಾಲ್‌ನ ಅಟ್ಟದಿಂದ. ಜೊತೆಗೆ ಮುಗ್ಗಲು ರಟ್ಟಿನ ವಾಸನೆ.

ಲೈಟು ಹಾಕಿದೆ. ಅಟ್ಟದ ಬಾಗಿಲು ತೆರೆದಿತ್ತು. ಕೆಳಗೆ ನೆಲದ ಮೇಲೆ ಆ ಹಸಿರು ಫೈಲು... ಬಿದ್ದಂತಿರಲಿಲ್ಲ, ಯಾರೋ ಇಟ್ಟಂತಿತ್ತು. ಮೂರು ತಿಂಗಳ ಸ್ಕ್ಯಾನಿನ ಮಾತಿಗೆ ಡಾಕ್ಟರು ಕೆಂಪು ಗೆರೆ ಎಳೆದಿದ್ದ ಪುಟವೇ ಮೇಲಿತ್ತು.

ನನಗೆ ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. ಮಗುವನ್ನೂ ಫೈಲನ್ನೂ ಎತ್ತಿಕೊಂಡು ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ಫೈಲು ನೋಡಿದ್ದೇ ತಡ, ಸ್ಕ್ಯಾನಿಂಗ್‌ಗೆ ಒಯ್ದರು. ಮೂತ್ರಪಿಂಡದಿಂದ ನಾಳ ಹೊರಡುವ ಜಾಗವೇ ಕಿರಿದಾಗಿ, ಮೂತ್ರ ಇಳಿಯದೆ ಒಳಗೇ ನಿಂತು ಕೀವಾಗಿತ್ತು. ಬೆಳಗಾಗುವುದರೊಳಗೆ ಬೆನ್ನಿನಿಂದ ಟ್ಯೂಬು ಹಾಕಿ ಕೀವು ಹೊರತೆಗೆದರು. ಆಮೇಲೆ ಆಪರೇಷನ್ನೂ ಆಯಿತು. ಮಗಳು ಉಳಿದಳು. ಎಡಗಡೆಯದು ಮಾತ್ರ ಈಗ ಕಾಲು ಭಾಗದಷ್ಟೇ ಕೆಲಸ ಮಾಡುತ್ತದೆ. ಮೊದಲೇ ತಂದಿದ್ದರೆ ಎಂದು ಹಿಂದಿಯಲ್ಲಿ ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಮುಂದಿನ ತಾರೀಖು ಬರೆದುಕೊಟ್ಟರು.

"ಜ್ವರದ ಗಡಿಬಿಡಿಯೊಳಗ ನೀನ ಫೈಲ್ ತಗದಿರತಿ. ನೆನಪಿಲ್ಲ ಅಷ್ಟ," ಎಂದರು ಗಂಡ, ಮನೆಗೆ ಮರಳಿದ ಮೇಲೆ.

"ಅಟ್ಟ ನನಗ ಹ್ಯಾಂಗ ನಿಲಕತೈತ್ರೀ? ಏಣಿ ವಾಚ್‌ಮನ್ ಹತ್ರ ಇರತೈತಿ."

ಅವರೇ ಏಣಿ ತಂದು ಹತ್ತಿದರು. ಬಹಳ ಹೊತ್ತು ಇಳಿಯಲಿಲ್ಲ.

"ಏನಾತ್ರೀ?"

"ಪೆಟ್ಟಿಗಿ ಟೇಪ್... ಹಂಗ ಐತಿ. ಎಲ್ಲೂ ಬಿಚ್ಚಿಲ್ಲ."

ಅಟ್ಟದಲ್ಲಿದ್ದ ಆ ಒಂದೇ ಪೆಟ್ಟಿಗೆಯನ್ನು ಅಂದೇ ಖಾಲಿ ಮಾಡಿ ರದ್ದಿಯವನಿಗೆ ಕೊಟ್ಟೆವು. ಈಗ ಫೈಲು ನನ್ನ ದಿಂಬಿನ ಪಕ್ಕದಲ್ಲೇ ಇರುತ್ತದೆ. ಒಂದು ತಾರೀಖೂ ತಪ್ಪಿಸಿಲ್ಲ. ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಬಲಗಡೆಯದು ಚೆನ್ನಾಗಿದೆ, ಚಿಂತೆಯಿಲ್ಲ ಎಂದರು.

ಅದೇ ರಾತ್ರಿ, ಖಾಲಿ ಅಟ್ಟದಿಂದ ಮತ್ತೆ ಕೇಳಿಸಿತು. ಚರ್ರ್...

ಎದ್ದು ನೋಡಲಿಲ್ಲ. ಮಗಳ ಬಲಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಬೆಳಗಿನವರೆಗೆ ಕೂತಿದ್ದೆ.