ಎಡೆ ಮುಟ್ಟದೆ ನಿಂತ ಜಿಂಕೆ

ಯಾರಾದರೂ ಆತ್ಮ, ಶಕುನ ಎಂದು ಬಾಯಿ ತೆರೆದರೆ ಊಟದ ತಟ್ಟೆ ಹಿಡಿದುಕೊಂಡು ಎದ್ದು ಹೋಗುವವಳು ನಾನು. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಕಾರಣವಿಲ್ಲದೆ ಕಾರು ನಿಲ್ಲುವುದಿಲ್ಲ. ನಿಂತರೆ ಕಾರಣ ಸಿಗುವವರೆಗೆ ನಾನು ಮನೆಗೆ ಹೋಗುವುದಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು, ಮುಂದಿನದನ್ನು ಓದಿ ನೀವು ನಗುವುದಾದರೆ ನಾನೂ ನಿಮ್ಮ ಜೊತೆಗೇ ನಗುತ್ತಿದ್ದೆ ಎಂದು ತಿಳಿಸಲಿಕ್ಕೆ. ಆದರೆ ಇದು ನನಗೇ ಆದದ್ದು, ಅದೂ ಹಾಡಹಗಲಲ್ಲಿ.

ನನ್ನ ಮಾವನವರು ಗದಗಿನವರು. ಅತ್ತೆ ತೀರಿಕೊಂಡ ಮೇಲೆ ಈ ಪರದೇಶಕ್ಕೆ ಬಂದು ನಮ್ಮ ಜೊತೆಗೇ ಇದ್ದರು. ನಮ್ಮ ಬಡಾವಣೆಯ ಹಿಂದೆ ಒಂದು ಸಣ್ಣ ಕಾಡಿದೆ. ಹಿಮ ಮೊಣಕಾಲುದ್ದ ಬಿದ್ದ ಒಂದು ಜನವರಿಯಲ್ಲಿ ಅಲ್ಲಿಂದ ಜಿಂಕೆಗಳು ಬಂದು ನಮ್ಮ ಬೇಲಿಯ ಗಿಡ ಮೇಯತೊಡಗಿದವು. ನಾನು ಚಪ್ಪಾಳೆ ತಟ್ಟಿ ಓಡಿಸಿದರೆ ಮಾವನವರು ಪರಾತದ ತುಂಬ ರೊಟ್ಟಿ ಚೂರು, ಮೆಕ್ಕೆಜೋಳ, ನೆನೆಸಿದ ಕಡಲೆ ಹಾಕಿ ಕರೆದರು. ವಾರದೊಳಗೆ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಏಳು ಜಿಂಕೆ ಹಾಜರು.

ಜಿಂಕೆಗೆ ಹೀಗೆ ಹಾಕುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ. ಸುಮ್ಮನೆ ಮಾಡಿದ ಕಾನೂನಲ್ಲ. ಒಂದೇ ಕಡೆ ಬಾಯಿ ಹಾಕಿದರೆ ರೋಗ ಹರಡುತ್ತದೆ. ಚಳಿಗಾಲದಲ್ಲಿ ಅವುಗಳ ಹೊಟ್ಟೆ ಕಡ್ಡಿ, ತೊಗಟೆಗೆ ಒಗ್ಗಿರುತ್ತದೆ. ಒಮ್ಮೆಲೇ ಕಾಳು ಬಿದ್ದರೆ ಹೊಟ್ಟೆ ತುಂಬಿಕೊಂಡೇ ಸಾಯುತ್ತವೆ. ಇದನ್ನೆಲ್ಲ ತಾಳ್ಮೆಯಿಂದಲೇ ಹೇಳಿದೆ. ಅವರು ನಕ್ಕರು. “ಹಸದ ಬಂದದ್ದರ ಮುಂದ ಕಾಯ್ದೆ ಓದಿ ಹೇಳ್ಲೇನವಾ? ನನ್ನ ಕೈಲೆ ಆಗೂದಿಲ್ಲ ನೋಡು.”

ಫೆಬ್ರವರಿಯಲ್ಲಿ ಬೇಲಿಯ ಬುಡದಲ್ಲಿ ಒಂದು ಮರಿ ಸತ್ತು ಬಿದ್ದಿತ್ತು, ಹೊಟ್ಟೆ ಊದಿಕೊಂಡು. ಮಾವನವರು ಕಣ್ಣೊರೆಸಿಕೊಂಡರು. “ಥಂಡಿಗೆ ಸತ್ತದ, ಪಾಪ,” ಎಂದರು. ಮರುದಿನ ಮೂರು ಗಂಟೆಗೆ ಮತ್ತೆ ಪರಾತ! ನನ್ನ ಪಿತ್ತ ನೆತ್ತಿಗೇರಿತು. ಆಫೀಸಿನ ಪಾರ್ಕಿಂಗ್ ಲಾಟ್‌ನಿಂದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ, ಹೆಸರು ಹೇಳದೆ, ನಮ್ಮ ಮನೆಯ ಮೇಲೆ ನಾನೇ ದೂರು ಕೊಟ್ಟೆ.

ಅಧಿಕಾರಿ ಬಂದು ಎಚ್ಚರಿಕೆಯ ಚೀಟಿ ಕೊಟ್ಟು ಹೋದ. ಮಂಕಿ ಕ್ಯಾಪ್ ಹಾಕಿಕೊಂಡ ಮಾವನವರು ಬಾಗಿಲಲ್ಲಿ ಅವನಿಗೆ ಕೈ ಮುಗಿದು ನಿಂತಿದ್ದರು. ಪರಾತ ಒಳಗೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಎದುರು ಮನೆಯಲ್ಲಿ ಡೇವ್ ಎಂಬ ಮುದುಕರಿದ್ದಾರೆ, ಕಾರ್ಖಾನೆಯಿಂದ ನಿವೃತ್ತರು. ನಮ್ಮ ಮನೆ ಮುಂದಿನ ಡ್ರೈವ್‌ವೇ ಹಿಮವನ್ನು ಅವರೇ ತಳ್ಳುತ್ತಿದ್ದರು. ಮಾವನವರು ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಿದ್ದರು. ಡೇವ್ ಅವರ ಗರಾಜಿನಲ್ಲಿ ಇಬ್ಬರೂ ಕುರ್ಚಿ ಹಾಕಿಕೊಂಡು, ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ಗಂಟೆಗಟ್ಟಲೆ ಮಾತಾಡುವರು. ಜಿಂಕೆಗೆ ಹಾಕಬೇಡಿ ಎಂದು ಡೇವ್ ಒಮ್ಮೆ ಬೆರಳಾಡಿಸಿದ್ದರು. ಅಷ್ಟೇ ಸಾಕಾಯಿತು. “ಅಂವನ ಚಾಡಿ ಹೇಳ್ಯಾನ. ಉಂಡ ಮನಿ ಜಂತಿ ಎಣಿಸಿದ,” ಎಂದು ಮಾವನವರು ತೀರ್ಮಾನಿಸಿಬಿಟ್ಟರು. ನಾನು ಎದುರಿಗೇ ಇದ್ದೆ. ಬಾಯಿ ಬಿಡಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಎರಡು ವರ್ಷ ಕಳೆಯಿತು. ಮಾವನವರು ಆ ಗರಾಜಿನ ಕಡೆ ಮತ್ತೆ ತಿರುಗಲಿಲ್ಲ. ಜಿಂಕೆಗಳೂ ನಮ್ಮ ಹಿತ್ತಲಿಗೆ ಬರಲಿಲ್ಲ. ಮೂರನೆಯ ಜನವರಿಯಲ್ಲಿ ಮಾವನವರು ಹೃದಯಾಘಾತದಿಂದ ತೀರಿಕೊಂಡರು.

ಹತ್ತನೆಯ ದಿನ ಹಿತ್ತಲಲ್ಲಿ ಎಡೆ ಇಟ್ಟೆವು. ಇಂಡಿಯನ್ ಸ್ಟೋರಿನ ಫ್ರೀಜರ್‌ನಿಂದ ತಂದ ಬಾಳೆ ಎಲೆ, ಅದರ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಪದ್ಧತಿ ನಿಮಗೆ ಗೊತ್ತೇ ಇದೆ: ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಅರ್ಥ. ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡಬೇಕು. ಮೇಪಲ್ ಮರದಲ್ಲಿ ಕಾಗೆಗಳು ಬೇಕಾದಷ್ಟು ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ, ಒಂದೂ ಕೂಗಲಿಲ್ಲ.

ಕಾಡಿನಿಂದ ಜಿಂಕೆ ಬಂತು. ಒಂಟಿ ಹೆಣ್ಣು ಜಿಂಕೆ. ಎಲೆಯ ಹತ್ತಿರ ಬಂದು ನಿಂತಿತು, ರೊಟ್ಟಿಯ ಹತ್ತಿರ ಮೂತಿ ತಂದಿತು, ತಿನ್ನಲಿಲ್ಲ. ತಲೆ ಎತ್ತಿ ನಮ್ಮನ್ನು ನೋಡಿತು. ನಾವು ಹತ್ತು ಅಡಿ ದೂರದಲ್ಲಿ ನಾಲ್ಕು ಜನ: ನನ್ನ ಗಂಡ, ದೂರದ ವೆಸ್ಟ್‌ಮಂಟ್ ಊರಿನಿಂದ ಬಂದಿದ್ದ ನಾದಿನಿ, ನಾನು, ಹಿಂದೆ, ಸುದ್ದಿ ಕೇಳಿ ಬಂದು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ ಡೇವ್.

“ಅಪ್ಪಾ, ನಿನ್ನ ಅಸ್ಥಿ ಕೃಷ್ಣಾ ನದಿಗೆ ನಾನ ಒಯ್ತೀನಿ,” ಎಂದ ನನ್ನ ಗಂಡ. ಜಿಂಕೆ ಅಲುಗಲಿಲ್ಲ. “ನಿನ್ನ ಹೆಸರಲೆ ಊರಾಗ ಸಾಲಿ ಮಕ್ಕಳಿಗೆ ಊಟಾ ಹಾಕಸ್ತೀನಿ, ತಗೋಪಾ,” ಎಂದು ನಾದಿನಿ ಅತ್ತಳು. ಅದು ಮಿಸುಕಲಿಲ್ಲ. ಡೇವ್ ಅವರ ನಾಯಿ ಅತ್ತ ಬೊಗಳುತ್ತಿತ್ತು, ಅದಕ್ಕೂ ಬೆದರಲಿಲ್ಲ. ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ, ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಷ್ಟು ಹೊತ್ತೂ ಅದು ನೋಡುತ್ತಿದ್ದದ್ದು ನನ್ನೊಬ್ಬಳನ್ನೇ.

ನನಗೆ ಭಯವಾಗಲಿಲ್ಲ, ಕೋಪ ಬಂತು. ಮರಿ ಸತ್ತದ್ದು ಯಾರ ಕೈಯಿಂದ? ಕಾನೂನು ಯಾರ ಕಡೆಗಿತ್ತು? ಆ ಕೋಪದಲ್ಲೇ, ಡೇವ್‌ಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ, ಕಿರುಚಿದಂತೆ ಹೇಳಿಬಿಟ್ಟೆ: “ಫೋನ್ ಮಾಡಿದ್ದು ನಾನು. ಡೇವ್ ಅಲ್ಲ. ನಾನು!”

ಜಿಂಕೆ ತಲೆ ಬಗ್ಗಿಸಿ ರೊಟ್ಟಿ ಕಚ್ಚಿತು. ಪೂರ್ತಿ ತಿಂದು ಕಾಡಿಗೆ ನಡೆಯಿತು. ಅದರ ಬೆನ್ನಿಗೇ ಕಾಗೆಗಳು ಗದ್ದಲ ಮಾಡುತ್ತ ಎಲೆಯ ಮೇಲೆ ಇಳಿದವು.

ನನ್ನ ಗಂಡ ನನ್ನ ಮುಖ ನೋಡದೆ ಒಳಗೆ ಹೋದ. ಡೇವ್ ಟೋಪಿ ಹಾಕಿಕೊಂಡರು. “ಎರಡು ವರ್ಷ ನಾನು ಅವನ ಕುರ್ಚಿ ಎತ್ತಿಡಲಿಲ್ಲ,” ಎಂದರು. “ನನ್ನಿಂದ ಏನು ತಪ್ಪಾಯಿತೆಂದು ಕೇಳಬೇಕೆಂದಿದ್ದೆ. ಅವನ ಭಾಷೆ ಬರುತ್ತಿರಲಿಲ್ಲ.”

ನನಗೆ ಆ ಭಾಷೆ ಬರುತ್ತಿತ್ತು.

ಜಿಂಕೆ ನಮ್ಮ ಮಾತಿಗೆ ಅಂಜಿರಬಹುದು, ನಾನು ಕೂಗಿದ ಮೇಲೆ ಎಲ್ಲರೂ ಸ್ತಬ್ಧರಾದಾಗ ಧೈರ್ಯ ಬಂದಿರಬಹುದು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅಂಜಿದ ಜಿಂಕೆ ಇಪ್ಪತ್ತು ನಿಮಿಷ ನಿಲ್ಲುವುದಿಲ್ಲ. ಕಾಗೆಗಳ ಲೆಕ್ಕವಂತೂ ಕೂಡುವುದೇ ಇಲ್ಲ. ಇಂದಿಗೂ ಜಿಂಕೆಗೆ ಕಾಳು ಹಾಕುವವರನ್ನು ಕಂಡರೆ ನಾನು ಬೈಯುತ್ತೇನೆ. ಆ ವಿಷಯದಲ್ಲಿ ನಾನು ಸರಿ, ಮಾವನವರು ತಪ್ಪು. ಅದನ್ನು ಅವರೆದುರೇ ನಿಂತು ಹೇಳುವ ಬದಲು ಪಾರ್ಕಿಂಗ್ ಲಾಟ್‌ನಿಂದ ಹೇಳಿದೆನಲ್ಲ, ನನ್ನ ಮೇಲೆ ನನಗಿರುವ ಆ ಸಿಟ್ಟು ಮಾತ್ರ ಇಳಿಯುತ್ತಿಲ್ಲ.

ಪ್ರತಿವರ್ಷ ತಿಥಿಗೆ ಎಡೆ ಇಡುತ್ತೇವೆ, ಕಾಗೆಗಳು ನಿಮಿಷದಲ್ಲಿ ಮುಗಿಸುತ್ತವೆ. ಡೇವ್ ಬರುತ್ತಾರೆ. ನಾನು ಕಾಡಿನ ಕಡೆ ನೋಡುತ್ತ ಚಳಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತೇನೆ. ಆ ಜಿಂಕೆಯೊಡನೆ ನನಗೆ ಒಂದು ಜಗಳ ಬಾಕಿ ಇದೆ. ಅದು ಮತ್ತೆ ಬಂದಿಲ್ಲ.